ಆಡಿ ಟಿಟಿ ಕಾರಿಗೆ 19 ಇಂಚಿನ ರಿಮ್ ತಂದು ಕುಂತೀನಿ, ಟಯರ್ ಯಾವ ಸೈಜ್ ಹಾಕಸ್ಲಿ?

ಸೇಡಂ_ರೋಡ್_32 · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ್ರಿ. ಹೋದ ದೀಪಾವಳಿಗೆ ಹೈದ್ರಾಬಾದಿನ್ಯಾಗ ಒಂದು ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ತಗೊಂಡೀನಿ. 2013ರ ಮಾಡಲ್, 2.0 ಟಿಎಫ್‌ಎಸ್‌ಐ ಕ್ವಾಟ್ರೊ. ಕಲಬುರಗಿದಾಗ ಇಂಥಾ ಗಾಡಿ ಯಾಕಪ್ಪಾ ಅಂತ ಕೇಳಬ್ಯಾಡ್ರಿ, ಅದನ್ನ ಕೇಳ್ಲಿಕ್ಕೆ ಮನ್ಯಾಗ ನಮ್ಮಪ್ಪ ಅದಾರ.

ಹಳೆ ರಿಮ್ ಮ್ಯಾಲ 90 ದಾಟಿದ್ರ ಸ್ಟೇರಿಂಗ್ ನಡಗ್ತದ. ಟಯರೂ ಸವದಾವ. ಎರಡೂ ಒಮ್ಮೆಲೆ ಬದಲಿ ಮಾಡಿಬಿಡೋಣಂತ ನಾಲ್ಕು ಅಲಾಯ್ ತರಸೀನಿ. ಹಿಂದ ಬರದದ್ದು: 19×8.5, ಇಟಿ 35, 5×112, ನಡುವಿನ ತೂತು 66.6. ಗಾಡಿ ಸ್ಟಿಕ್ಕರಿನ್ಯಾಗ ಕಂಪನಿ ಸೈಜ್ 245/40 ಆರ್18 93 ಅಂತ ಅದ, ಹಳೆ ರಿಮ್ 18×9 ಇಟಿ 52.

ಇವತ್ತು ಒಂದು ಅಂಗಡಿಗೆ ಹೋಗಿದ್ದೆ. ಅಂವ ನೋಡಿದವನೇ "225/35 ಆರ್19 ಸ್ಟಾಕ್ ಅದ, ಅರ್ಧ ತಾಸಿನ್ಯಾಗ ಹಾಕಿ ಕೊಡ್ತೀನಿ, ಬರೋಬ್ಬರಿ ಕೂಡ್ತಾವ" ಅಂದ. ನೆಟ್‌ನ್ಯಾಗ ನೋಡಿದ್ರ ಒಬ್ಬಂವ 235/35 ಅಂತಾನ, ಒಬ್ಬಂವ 255/35 ಅಂತಾನ. ಯಾವ್ದು ಖರೆ? ಸೋಮವಾರ ಹಾಕಸ್ಬೇಕು, ಜಲ್ದಿ ಹೇಳ್ರಿ.

ಬೀದರ್_38 · ಶನಿವಾರ ರಾತ್ರಿ 10:52

ಮೊದಲ ಫೋಟೊ ಹಾಕು ದೋಸ್ತ. ಫೋಟೊ ಇಲ್ದ ಟಿಟಿ ಅಂದ್ರ ಯಾರ ನಂಬ್ತಾರ.

ಹಳೆ ಬೋಲ್ಟಿನ ಮ್ಯಾಲ ಹೊಸ ರಿಮ್ ಹಾಕಸ್ಬ್ಯಾಡ. ನಾ ನನ್ನ ಪೋಲೊಕ್ಕ ಅದೇ ಮಾಡಿ ಕೈ ಸುಟ್ಕೊಂಡೀನಿ. ಕಂಪನಿ ಬೋಲ್ಟಿನ ತಲಿ ಕೆಳಗ ಗುಂಡಗ ಇರ್ತದ, ಗೋಲಿ ಕತ್ತರಸಿಟ್ಟಂಗ. ಹೊರಗಿನ ರಿಮ್ ತೂತು ಬಹಳ ಮಟ್ಟಿಗೆ ಆಲಿಕಿ ಆಕಾರದ್ದು ಇರ್ತಾವ, ಅವಕ್ಕ ಕೋನ್ ಬೋಲ್ಟೇ ಬೇಕು. ಗುಂಡಂದು ಹಾಕಿ ಬಿಗದ್ರ ಬಿಗಿ ಆದಂಗ ಕಾಣ್ತದ, ಆದ್ರ ಹಿಡದಿರೋದು ಒಂದು ದಾರದಷ್ಟು ಗೆರಿ ಮ್ಯಾಲ. ನನಗ ನಾಲ್ಕೇ ದಿನಕ್ಕ ಭಾಲ್ಕಿ ಹತ್ರ ಎಡಗಡೆ ಟಕ್ ಟಕ್ ಸುರು ಆಯ್ತು. ಇಳದು ನೋಡಿದ್ರ ಐದರಾಗ ಮೂರು ಬೋಲ್ಟ್ ಕೈಲೇ ತಿರಗ್ಲಾಕತ್ತಿದ್ವು. ಆ ರೋಡಿನ್ಯಾಗ ಕುಂತು ನಾ ನೆನಸಿದ ದೇವರು ಎಷ್ಟೋ.

ಸೈಜ್_ಮಾಸ್ತರ · ಶನಿವಾರ ರಾತ್ರಿ 11:30

ಬೋಲ್ಟಿನ ಮಾತು ನೂರಕ್ಕೆ ನೂರು ಸರಿ. ಬೋಲ್ಟಿನ ತಿರುಪು (ಥ್ರೆಡ್) ಎರಡಕ್ಕೂ 14×1.5 ಒಂದೇ ಇರೋದ್ರಿಂದ ಯಾರಿಗೂ ಅನುಮಾನ ಬರೋದಿಲ್ಲ, ಮೋಸ ಆಗೋದೇ ಅಲ್ಲಿ.

ಇನ್ನು ಸೈಜ್. ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಹೇಳ್ತಿದ್ದ ಹಾಗೇ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. 245/40 ಆರ್18 ಅಂದರೆ ಟಯರಿನ ಅಗಲ 245 ಮಿಲಿಮೀಟರ್. 40 ಅನ್ನೋದು ಮಿಲಿಮೀಟರ್ ಅಲ್ಲ, ಅಗಲದ ಶೇಕಡ 40. ಅಂದರೆ ಟಯರಿನ ಪಕ್ಕದ ಗೋಡೆಯ ಎತ್ತರ 98 ಮಿ.ಮೀ. ಆರ್18 ಅಂದರೆ ರಿಮ್ಮಿನ ಅಡ್ಡಳತೆ ಹದಿನೆಂಟು ಇಂಚು, 457.2 ಮಿ.ಮೀ. ಅದಕ್ಕೆ ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ 653.2 ಮಿ.ಮೀ. ಈ 653 ನಿಮ್ಮ ಗಾಡಿಯ ಜಾತಕ. ಸ್ಪೀಡೋಮೀಟರ್, ಎಬಿಎಸ್, ಗೇರು ಎಲ್ಲವೂ ಗಾಲಿ ಅಷ್ಟೇ ದೊಡ್ಡದು ಅಂತ ನಂಬಿಕೊಂಡು ಲೆಕ್ಕ ಹಾಕ್ತವೆ.

ಈಗ ನೀವು ಕೇಳಿದ್ದು ಒಂದೊಂದೇ ನೋಡೋಣ. 225/35 ಆರ್19 ತಗೊಂಡರೆ 640 ಬರುತ್ತದೆ, ಶೇ 2 ಸಣ್ಣದು. 235/35 ತಗೊಂಡರೆ 647. 245/35 ಆದರೆ 654, ಹೆಚ್ಚುಕಡಿಮೆ ಮೂಲದಷ್ಟೇ. 255/35 ಆದರೆ 661, ಶೇ 1.2 ದೊಡ್ಡದು.

225ರಲ್ಲಿ ಗಾಡಿ ಆರೂವರೆ ಮಿಲಿಮೀಟರ್ ಕೆಳಗೆ ಕೂಡುತ್ತೆ. ಮೊದಲೇ ಟಿಟಿ ಹೊಟ್ಟೆ ನೆಲಕ್ಕೆ ಸಮೀಪ, ನಮ್ಮೂರ ಹಂಪ್ಸ್ ಸರ್ಕಾರದ ಅಳತೆಯವಲ್ಲ. ಇನ್ನೊಂದು, ಅಂಗಡಿಯವರು ಹೇಳದೇ ಬಿಟ್ಟಿದ್ದು: ಸ್ಟಿಕ್ಕರ್‌ನಲ್ಲಿ ಸೈಜ್ ಆದ ಮೇಲೆ 93 ಅಂತ ಇದೆಯಲ್ಲ, ಅದು ಭಾರ ಹೊರೋ ಸಂಖ್ಯೆ. 93 ಅಂದರೆ ಒಂದು ಟಯರ್ 650 ಕಿಲೋ ಹೊರಬಲ್ಲದು. 225/35 ಆರ್19 ಸಾಮಾನ್ಯವಾಗಿ 88ರಲ್ಲಿ ಬರುತ್ತೆ, ಅಂದರೆ 560 ಕಿಲೋ. ಒಂದೊಂದು ಗಾಲಿಗೆ 90 ಕಿಲೋ ಖೋತಾ. ಕಂಪನಿ ಕೊಟ್ಟ ಸಂಖ್ಯೆಗಿಂತ ಕೆಳಗೆ ಇಳಿಯೋದು ಬೇಡ, ಅದರಲ್ಲಿ ಚೌಕಾಸಿ ಇಲ್ಲ.

ಹೀಗಾಗಿ ಆ 19ರ ರಿಮ್ಮಿಗೆ ಕಾಗದದ ಮೇಲೆ ಸರಿಯಾದ ಉತ್ತರ 245/35 ಆರ್19, 93ರದ್ದು. ಆದರೆ ಆ ರಿಮ್ಮನ್ನೇ ಹಾಕಬೇಕಾ ಅನ್ನೋದು ಬೇರೆ ಪ್ರಶ್ನೆ. ನಿದ್ದೆ ಬರ್ತಾ ಇದೆ, ನಾಳೆ ಬರೀತೀನಿ.

ಯಾದಗಿರಿ_ಪ್ಯಾಸೆಂಜರ್ · ಭಾನುವಾರ ಬೆಳಗ್ಗೆ 7:15

ಅಣ್ಣಾ ಹಿಂದ 255 ಮುಂದ 225 ಹಾಕಸ್ರಿ. ಹಿಂದಿನಿಂದ ನೋಡಿದ್ರ ಹುಲಿ ಕುಂತಂಗ ಕಾಣ್ತದ. ದೊಡ್ಡ ಸ್ಪೋರ್ಟ್ಸ್ ಗಾಡಿಗೆಲ್ಲ ಹಂಗೇ ಇರ್ತಾವ.

ಸೈಜ್_ಮಾಸ್ತರ · ಭಾನುವಾರ ಬೆಳಗ್ಗೆ 8:05

ಇದೊಂದು ಮಾತ್ರ ಮಾಡಬೇಡಿ. ಬಿಎಂಡಬ್ಲ್ಯು ಝಡ್4 ಥರದ ಗಾಡಿಯಲ್ಲಿ ಕಂಪನಿಯವರೇ ಮುಂದೆ 225, ಹಿಂದೆ 255 ಕೊಡ್ತಾರೆ, ನಿಜ. ಅದರಲ್ಲಿ ಹಿಂದಿನ ಗಾಲಿ ಮಾತ್ರ ಎಳೆಯುತ್ತೆ. ಅಲ್ಲೂ ಅಗಲ ಬೇರೆ ಇದ್ದರೂ ಎತ್ತರ ಸಮ ಇರೋ ಹಾಗೆ ಸೈಜ್ ಆರಿಸಿರ್ತಾರೆ, ಮುಂದೆ 40, ಹಿಂದೆ 35.

ಈ ಟಿಟಿ ಕ್ವಾಟ್ರೊ. ನಾಲ್ಕೂ ಗಾಲಿ ಎಳೀತವೆ. ಹಿಂದಿನ ಆಕ್ಸಲಿಗೆ ಶಕ್ತಿ ಹೋಗೋದು ಹಾಲ್ಡೆಕ್ಸ್ ಅನ್ನೋ ಎಣ್ಣೆಯಲ್ಲಿ ಮುಳುಗಿರೋ ಕ್ಲಚ್ ಮೂಲಕ. ಮುಂದಿನ ಗಾಲಿ ಹಿಂದಿನದಕ್ಕಿಂತ ಜೋರಾಗಿ ತಿರುಗಿದರೆ ಅದು "ಮುಂದೆ ಜಾರ್ತಾ ಇದೆ" ಅಂತ ತಿಳಿದು ಹಿಂದಕ್ಕೆ ಬಲ ಕಳಿಸುತ್ತೆ. ನೀವು ಮುಂದೆ 640, ಹಿಂದೆ 661 ಹಾಕಿದರೆ ಸೇಡಂ ರಸ್ತೆಯ ಒಣ ಡಾಂಬರಿನ ಮೇಲೂ ಅದಕ್ಕೆ ಸದಾ ಜಾರಿದ ಹಾಗೇ ಲೆಕ್ಕ. ಕ್ಲಚ್ ಉಜ್ಜಿ ಉಜ್ಜಿ ಬಿಸಿಯಾಗುತ್ತೆ. ಅದರ ರಿಪೇರಿ ಖರ್ಚಿನಲ್ಲಿ ಎರಡು ಸೆಟ್ ಟಯರ್ ಬರುತ್ತೆ.

ಇದೇ ಕಾರಣಕ್ಕೆ ಕ್ವಾಟ್ರೊದಲ್ಲಿ ಎರಡೇ ಟಯರ್ ಹೊಸದು ಹಾಕಿ ಎರಡು ಸವೆದದ್ದು ಇಟ್ಟುಕೊಳ್ಳೋದೂ ಒಳ್ಳೇದಲ್ಲ. ನಾಲ್ಕೂ ಒಂದೇ ಸೈಜ್, ಒಂದೇ ಮಾಡಲ್, ಸವೆತವೂ ಹೆಚ್ಚುಕಡಿಮೆ ಒಂದೇ ಇರಬೇಕು. ಈ ಮಾತು ನೆನಪಿಡಿ, ಮುಂದೆ ಮತ್ತೆ ಬರುತ್ತೆ.

ಹೈದ್ರಾಬಾದ್_ಹವಾ · ಭಾನುವಾರ ಬೆಳಗ್ಗೆ 9:20

ಮಾಸ್ತರ್ ಲೆಕ್ಕ ಸರಿ ಅದ, ಆದ್ರ 19 ಅಂದಕೂಡ್ಲೆ ಹೆದರಸಬ್ಯಾಡ್ರಿ. ನಾನು ಹುಟ್ಟಿದ್ದು ಚಿತ್ತಾಪುರ, ಇರೋದು ಗಚ್ಚಿಬೌಲಿ. ಮೂರು ವರ್ಷದಿಂದ 245/35 ಆರ್19 ಮ್ಯಾಲೇ ಓಡಸ್ಲಾಕತ್ತೀನಿ. ಓಆರ್‌ಆರ್ (ಹೈದ್ರಾಬಾದಿನ ಹೊರಗಿನ ರಿಂಗ್ ರೋಡ್) ಮ್ಯಾಲ ಸ್ಟೇರಿಂಗ್ ಜರಾ ಮುಟ್ಟಿದ್ರ ಸಾಕು, ಗಾಡಿ ಮನಸ್ಸಿನ್ಯಾಗ ಅಂದ್ಕೊಂಡ ಕಡೆ ಹೊರಳ್ತದ. ಆ ಸುಖ 17ರಾಗ ಸಿಗಂಗಿಲ್ಲ. ಸ್ಪೋರ್ಟ್ಸ್ ಕಾರ್ ತಗೊಂಡು ದಪ್ಪ ಗೋಡಿ ಟಯರ್ ಹಾಕೋದಂದ್ರ ರೇಶ್ಮಿ ಸೀರಿ ಮ್ಯಾಲ ಸ್ವೆಟರ್ ಹಾಕ್ಕೊಂಡಂಗ.

ಪಂಚರ್_ಮಾಮಾ · ಭಾನುವಾರ ಬೆಳಗ್ಗೆ 11:48

ಹವಾ ತಮ್ಮಾ, ಒಂದು ಕೇಳ್ತೀನಿ ಖರೆ ಹೇಳು. ಮೂರು ವರ್ಷದಾಗ ಎಷ್ಟು ಟಯರ್ ಗುಳ್ಳಿ ಬಿಟ್ಟಾವ?

ಹೈದ್ರಾಬಾದ್_ಹವಾ · ಭಾನುವಾರ ಬೆಳಗ್ಗೆ 11:55

ಎರಡು. ಎರಡೂ ಊರಿಗೆ ಬರೋವಾಗೇ. 😅

ಪಂಚರ್_ಮಾಮಾ · ಭಾನುವಾರ ಮಧ್ಯಾಹ್ನ 12:20

ಅದೇ ಮತ್ತ. ನಾ ಹುಮನಾಬಾದ್ ರಿಂಗ್ ರೋಡ್ ಕಡೆ ಇಪ್ಪತ್ತೆರಡು ವರ್ಷದಿಂದ ಇದೇ ಉದ್ಯೋಗದಾಗ ಇದ್ದೀನಿ. ಗುಳ್ಳಿ ಅಂದ್ರ ಗಾಳಿ ಗುಳ್ಳಿ ಅಲ್ಲ, ಗೋಡಿ ಒಳಗಿನ ದಾರ ಹರದದ ಅಂತ ಅರ್ಥ. ತೆಗ್ಗಿನ ಅಂಚಿಗೂ ರಿಮ್ಮಿಗೂ ನಡುವ ಗೋಡಿ ಅಡಕೊತ್ತಿನ್ಯಾಗ ಅಡಕಿ ಸಿಕ್ಕಂಗ ಸಿಗ್ತದ. ಗೋಡಿ ಎಷ್ಟು ಗಿಡ್ಡೊ ಅಷ್ಟು ಜಲ್ದಿ. ಗುಳ್ಳಿ ಬಂದಿದ್ದು ರಿಪೇರಿ ಇಲ್ಲ, ಅದರ ಮ್ಯಾಲ ಒಂದು ಕಿಲೋಮೀಟರೂ ಹೋಗಬಾರದು.

ಆ ಅಂಗಡಿಯವಂಗೂ ಬೈಬ್ಯಾಡ್ರಿ ಜಾಸ್ತಿ. ಯಾರದೋ ಸಲುವಾಗಿ ತರಸಿರ್ತಾನ, ಅವ ಬಂದಿರಂಗಿಲ್ಲ, ರೊಕ್ಕ ಸಿಕ್ಕೊಂಡು ಕುಂತಿರ್ತದ. ಗಿರಾಕಿ ಬಂದಾಗ ಇದ್ದದ್ದೇ ಸೈಜ್ "ಬರೋಬ್ಬರಿ" ಆಗ್ತದ. ಗೋಡಿ ಮ್ಯಾಲ ಡಾಟ್ ಅಂತ ಬರದ ಕಡೆ ಕೊನಿಗೆ ನಾಲ್ಕು ಅಂಕಿ ಇರ್ತಾವ, ಓದ್ಕೊಂಡು ಬಾ. 2219 ಅಂತ ಇದ್ರ 2019ರ 22ನೇ ವಾರದ ಮಾಲು.

ಮತ್ತ ತಮ್ಮಾ, ಹಳೆ ರಿಮ್ ಮ್ಯಾಲ 90ಕ್ಕ ನಡಗ್ತದ ಅಂದೆಲ್ಲ. ಅದನ್ನ ಯಾರಾದ್ರೂ ಬ್ಯಾಲೆನ್ಸಿಂಗ್ ಮಷೀನ್ ಮ್ಯಾಲ ತಿರಗಿಸಿ ನೋಡ್ಯಾರೇನು? ಇಲ್ಲಂದ್ರ ನೀ ಹೊಟ್ಟಿ ನೋವಿಗೆ ಹೊಸ ಅಂಗಿ ಹೊಲಸ್ಲಾಕತ್ತಿದಿ.

ಸೇಡಂ_ರೋಡ್_32 · ಭಾನುವಾರ ಮಧ್ಯಾಹ್ನ 1:05

ಮಷೀನಿಗೆ ಹಾಕಿಲ್ರಿ ಮಾಮಾ. ನಾ ಟಯರ್ ಸವದದ್ದಕ್ಕೇ ನಡಗ್ತದ ಅಂದ್ಕೊಂಡಿದ್ದೆ.

ಈ ಇಟಿ 35 ಅಂದ್ರ ಏನ್ರಿ ಸರ? ರಿಮ್ ಮಾರಿದಂವ "ಹೊರಗ ಬಂದು ಭಾರಿ ಕಾಣ್ತದ" ಅಂದಿದ್ದ.

ಸೈಜ್_ಮಾಸ್ತರ · ಭಾನುವಾರ ಮಧ್ಯಾಹ್ನ 3:40

ರಿಮ್ಮನ್ನು ಅಗಲದಲ್ಲಿ ಸರಿಯಾಗಿ ಎರಡು ಭಾಗ ಮಾಡಿ ಒಂದು ಗೆರೆ ಎಳೀರಿ. ಹಬ್‌ಗೆ (ಗಾಡಿಯಲ್ಲಿ ಗಾಲಿ ಕೂಡಿಸೋ ನಡುವಿನ ಭಾಗ) ಬೋಲ್ಟ್ ಹಾಕೋ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಡೆ ಇದೆಯೋ ಅದೇ ಇಟಿ. ಇಟಿ ಕಡಿಮೆ ಆದಷ್ಟೂ ಇಡೀ ಗಾಲಿ ಹೊರಕ್ಕೆ ಸರಿಯುತ್ತೆ.

ನಿಮ್ಮ ಹಳೆ ರಿಮ್ 9 ಇಂಚು, ಅಂದರೆ 228.6 ಮಿ.ಮೀ. ಅರ್ಧ 114.3. ಅದರಲ್ಲಿ 52 ಕಳೆದರೆ 62.3. ಹಬ್‌ನಿಂದ ರಿಮ್ಮಿನ ಹೊರ ಅಂಚು ಅಷ್ಟು ದೂರ. ಹೊಸದು ಎಂಟೂವರೆ ಇಂಚು, ಅರ್ಧ 108. ಅದರಲ್ಲಿ 35 ಕಳೆದರೆ 73. ರಿಮ್ 11 ಮಿಲಿಮೀಟರ್ ಹೊರಗೆ ಬಂತು. 245ರ ಟಯರ್ ಹಾಕಿದರೆ ಅದರ ಗೋಡೆ ಹದಿನೈದರ ಹತ್ತಿರ ಹೊರಗೆ ಬರುತ್ತೆ. ಭಾರ ಹೇರಿ ಹಂಪ್ಸ್ ಇಳಿಸಿದಾಗ ಮಡ್‌ಗಾರ್ಡಿನ ಅಂಚು ಟಯರನ್ನು ಕೊಯ್ಯಬಹುದು. 255 ಹಾಕಿದರಂತೂ ಕೇಳೋದೇ ಬೇಡ. ವೀಲ್ ಬೇರಿಂಗಿನ ಮೇಲೂ ಹೊರೆ ಜಾಸ್ತಿ. ಇದೇ ಎಂಟೂವರೆ ರಿಮ್ ಇಟಿ 45 ಇದ್ದಿದ್ದರೆ ಹೊರ ಅಂಚು 63ಕ್ಕೆ ಬರ್ತಿತ್ತು, ಮೂಲದಷ್ಟೇ. ಅದಕ್ಕೇ ರಿಮ್ ಕೊಳ್ಳೋವಾಗ ಡಿಸೈನ್ ನೋಡೋಕೆ ಮುಂಚೆ ಹಿಂದೆ ತಿರುಗಿಸಿ ಓದಬೇಕು.

ನಡುವಿನ ತೂತು 66.6, ನಿಮ್ಮ ಹಬ್ 57.1. ನಡುವೆ ಬಳೆ ಹಾಕಬೇಕು. ಪ್ಲಾಸ್ಟಿಕ್ ಬಳೆ ಬೇಡ, ಅಲ್ಯೂಮಿನಿಯಂ ತಗೊಳ್ಳಿ. ಕಲಬುರಗಿಯ ಮೇ ತಿಂಗಳ ಬಿಸಿಲು, ಅದರ ಮೇಲೆ ಬ್ರೇಕಿನ ಕಾವು.

ಈಗ ನಿನ್ನೆ ಅರ್ಧಕ್ಕೆ ಬಿಟ್ಟದ್ದು. ನಮ್ಮದು ಎರೆ ನೆಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗೋಷ್ಟು ಬಿರುಕು ಬಿಡುತ್ತೆ. ತೊಗರಿಗೆ ಅದು ತಾಯಿ, ರಸ್ತೆಗೆ ಅತ್ತೆ. ಡಾಂಬರು ಎಷ್ಟು ನುಣ್ಣಗೆ ಹಾಕಿದರೂ ಕೆಳಗಿನ ನೆಲ ಉಸಿರಾಡ್ತಾ ಇರೋದರಿಂದ ಎರಡು ಮಳೆಗಾಲದಲ್ಲಿ ರಸ್ತೆಗೆ ಅಲೆ ಬರುತ್ತೆ, ಅಂಚು ಕುಸಿಯುತ್ತೆ. ಅದರ ಮೇಲೆ ಸೇಡಂ, ವಾಡಿ ಕಡೆಯ ಸಿಮೆಂಟ್ ಲಾರಿಗಳು. ಜರ್ಮನಿಯಲ್ಲಿ ಕೂತು ಸೈಜ್ ಆರಿಸಿದವರಿಗೆ ಫರಹತಾಬಾದ್ ಹತ್ತಿರದ ತೆಗ್ಗು ಗೊತ್ತಿರೋದಿಲ್ಲ. ಅವರು ಕೊಟ್ಟ 98 ಮಿಲಿಮೀಟರ್ ಗೋಡೆಯೇ ನಮಗೆ ಗಿಡ್ಡ. ನೀವು ಅದನ್ನು 86ಕ್ಕೆ ಇಳಿಸೋಕೆ ಹೊರಟಿದ್ದೀರಿ.

ನನ್ನ ಅಭಿಪ್ರಾಯ ಕೇಳಿದರೆ 19ಕ್ಕೆ ಏರಬೇಡಿ, 17ಕ್ಕೆ ಇಳೀರಿ.

ಬೀದರ್_38 · ಭಾನುವಾರ ಸಂಜೆ 4:02

ಟಿಟಿಗೆ 17?! ಮಾಸ್ತರ್ರೇ, ಹುಡುಗನ ಎದಿ ಒಡದ್ರಿ.

ಯಾದಗಿರಿ_ಪ್ಯಾಸೆಂಜರ್ · ಭಾನುವಾರ ಸಂಜೆ 4:30

ಜರಾ ಬ್ಯಾರೆ ಪ್ರಶ್ನೆ. ಬ್ಯಾಸಿಗ್ಯಾಗ ಟಯರ್ ಒಡೀಬಾರದಂತ ನಮ್ಮ ಕಡೆ ಎಲ್ಲಾರೂ ನಾಲ್ಕು-ಐದು ಪಾಯಿಂಟ್ ಗಾಳಿ ಕಮ್ಮಿ ಇಡ್ತಾರ. ಗಿಡ್ಡ ಗೋಡಿ ಟಯರಿಗೂ ಹಂಗೇ ಮಾಡ್ಬೇಕೇನು?

ಪಂಚರ್_ಮಾಮಾ · ಭಾನುವಾರ ಸಂಜೆ 5:10

ಉಲ್ಟಾ ಅದ ತಮ್ಮಾ ಅದು. ಗಾಳಿ ಕಮ್ಮಿ ಇದ್ರ ಗೋಡಿ ಜಾಸ್ತಿ ಮಣೀತದ, ಮಣದಷ್ಟೂ ಕಾಯ್ತದ, ಕಾದು ಒಡೀತದ. ಬ್ಯಾಸಿಗ್ಯಾಗ ಒಡದು ಬರೋ ಟಯರ್ ನೋಡು, ಬಹಳ ಮಟ್ಟಿಗೆ ಗಾಳಿ ಕಮ್ಮಿ ಇದ್ದವೇ. ಮುಂಜಾನೆ ಗಾಡಿ ತಗಿಯೋಕಿಂತ ಮೊದಲ, ಟಯರ್ ತಣ್ಣಗಿದ್ದಾಗ, ಸ್ಟಿಕ್ಕರಿನ್ಯಾಗ ಬರದಷ್ಟು ಹಾಕು. ಹಗಲಿನ್ಯಾಗ ಓಡಸಿ ಬಂದ ಮ್ಯಾಲ ಮೂರು-ನಾಲ್ಕು ಪಾಯಿಂಟ್ ಏರಿರ್ತದ, ಅದನ್ನ ತಗೀಬ್ಯಾಡ. ಗಿಡ್ಡ ಗೋಡಿಗಂತೂ ಗಾಳಿ ಕಮ್ಮಿ ಆದ್ರ ತೆಗ್ಗಿನ್ಯಾಗ ರಿಮ್ಮಿಗೆ ಜಲ್ದಿ ಪೆಟ್ಟು ಬೀಳ್ತದ.

ಕಮಲಾಪುರ_ಕೆಂಪುಬಾಳೆ · ಭಾನುವಾರ ರಾತ್ರಿ 8:15

ಇಷ್ಟೊತ್ತು ಸುಮ್ನೆ ಓದ್ಲಾಕತ್ತಿದ್ದೆ. ನಾನು ವಿಮಾ ಸರ್ವೇ ಕೆಲಸದಾಗ ಇದ್ದೀನಿ, ಆ ಕಡೆಯಿಂದ ಎರಡು ಮಾತು.

ಅಪಘಾತ ಆದ ಗಾಡಿ ನೋಡ್ಲಿಕ್ಕೆ ಹೋದಾಗ ನಾವು ಬರಕೊಳ್ಳೋದ್ರಾಗ ಟಯರ್ ಸೈಜೂ ಒಂದು. ಕಂಪನಿ ಹೇಳಿದ್ದಕ್ಕೂ ಗಾಡಿ ಮ್ಯಾಲ ಇರೋದಕ್ಕೂ ಫರಕ್ ಇದ್ರ, ಅದ್ರಲ್ಲೂ ಟಯರ್ ಮಡ್‌ಗಾರ್ಡಿನ ಹೊರಗ ಬಂದಿದ್ರ, ಅಲ್ಲಿಂದ ಪ್ರಶ್ನೆ ಸುರು ಆಗ್ತಾವ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದ, 2019ರ ಜನವರಿದಾಗ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ವಿವರಕ್ಕ ವಿರುದ್ಧವಾಗಿ ಗಾಡಿ ಬದಲಾಯಿಸಂಗಿಲ್ಲ ಅಂತ ಹೇಳ್ಯಾದ. ಟಯರ್ ಒಂದು ನಂಬರ್ ಬದಲಾದ್ರ ಯಾರೂ ಜೈಲಿಗೆ ಹಾಕಂಗಿಲ್ಲ. ಆದ್ರ ಕ್ಲೇಮ್ ಹೊತ್ತಿನ್ಯಾಗ ನಿಮ್ಮ ಕೈಯಾಗ ಒಂದು ಸರಳ ಉತ್ತರ ಇರಬೇಕು: "ಎತ್ತರ ಅಷ್ಟೇ ಅದ, ಭಾರದ ಸಂಖ್ಯೆ ಕಮ್ಮಿ ಇಲ್ಲ, ಹೊರಗ ಬಂದಿಲ್ಲ." ಇಟಿ 35ರ ಮ್ಯಾಲ ಆ ಉತ್ತರ ನಿಮ್ಮ ಹತ್ರ ಇರಂಗಿಲ್ಲ. ಬಿಲ್ ಇಟ್ಕೊಳ್ರಿ, ವಿಮಾ ಕಂಪನಿಗೆ ಬರದು ತಿಳಸ್ರಿ.

ಇನ್ನೊಂದು. ನಿಮ್ಮ ಗಾಡಿಗೆ ಸ್ಟೆಪ್ನಿ ಅದ ಏನು?

ಸೇಡಂ_ರೋಡ್_32 · ಭಾನುವಾರ ರಾತ್ರಿ 8:22

ಇಲ್ಲ ಅಕ್ಕಾ. ಡಿಕ್ಕಿದಾಗ ಒಂದು ಅಂಟಿನ ಬಾಟ್ಲಿ, ಒಂದು ಸಣ್ಣ ಕಂಪ್ರೆಸರ್ ಅಷ್ಟೇ.

ಕಮಲಾಪುರ_ಕೆಂಪುಬಾಳೆ · ಭಾನುವಾರ ರಾತ್ರಿ 8:31

ಮೊಳಿ ಚುಚ್ಚಿದ್ರ ಆ ಅಂಟು ನಡೀತದ. ಗೋಡಿ ಹರದ್ರ ಅದು ಬರೀ ಬಾಟ್ಲಿ. ರಾತ್ರಿ ಹತ್ತಕ್ಕ ಕಿಣ್ಣಿ ಸಡಕ್ ಹತ್ರ ಗೋಡಿ ಹರದು ನಿಂತವರು ಫೋನ್ ಮಾಡೋದು ಯಾರಿಗೆ ಗೊತ್ತೇನು? ನನಗೇ. ಟೋಯಿಂಗ್ ಗಾಡಿ ಬರೋ ತನಕ ಅಲ್ಲೇ ಕುಂದ್ರಬೇಕು.

ಸೇಡಂ_ರೋಡ್_32 · ಮಂಗಳವಾರ ರಾತ್ರಿ 9:50

ಹೊಸ ಸುದ್ದಿ ಅದ, ಎಲ್ಲಾರೂ ಕೇಳ್ರಿ.

ನಿನ್ನೆ ಮಾಮಾರ ಅಂಗಡಿಗೇ ಹೋದೆ (ವಿಳಾಸ ಮೆಸೇಜ್‌ದಾಗ ಕೇಳಿದ್ದೆ). ಮೊದಲ ಹಳೆ ಗಾಲಿ ನಾಲ್ಕೂ ಮಷೀನಿಗೆ ಹಾಕಿದ್ರು. ಮುಂದಿನ ಬಲಗಡೆ ರಿಮ್ ಒಳ ಅಂಚು ಬಗ್ಗ್ಯಾದ, ಹೊರಗಿಂದ ಕಾಣಂಗೇ ಇಲ್ಲ. ಮಷೀನ್ ಮ್ಯಾಲ ತಿರಗೋವಾಗ ಹಾವು ಹರದಂಗ ಕಾಣ್ತದ. ಹಿಂದಿಂದೂ ಒಂದು ಜರಾ ಬಗ್ಗ್ಯಾದ, ಅದರಾಗ ಕೂದಲಿನಂಥ ಬಿರುಕು ಬ್ಯಾರೆ. ಅಂದ್ರ ಆರು ತಿಂಗಳಿಂದ ನಾ ಟಯರಿಗೆ ಬೈಲಾಕತ್ತಿದ್ದೆ, ತಪ್ಪು ರಿಮ್ಮಿಂದಿತ್ತು.

ಆಮ್ಯಾಲ ಹೊಸ 19ರ ರಿಮ್ಮಿಗೆ ಮಾಮಾರ ಹತ್ರ ಇದ್ದ ಒಂದು ಹಳೆ 245/35 ಹಾಕಿ ಮುಂದ ಕೂಡಿಸಿ ನೋಡಿದ್ವಿ. ಸ್ಟೇರಿಂಗ್ ಪೂರಾ ಹೊರಳಸಿ ಗಾಡಿ ಕೆಳಗ ಒತ್ತಿದ್ರ ಒಳಗಿನ ಪ್ಲಾಸ್ಟಿಕ್ ಲೈನರಿಗೆ ಮುಟ್ತದ. ಹಿಂದ ಹಾಕಿ ಡಿಕ್ಕಿ ಮ್ಯಾಲ ಭಾರ ಹಾಕ್ಬೇಕಾಗಿತ್ತು. ನಮ್ಮಪ್ಪ ಬಂದಿದ್ರು, "ನಾ ಕೂಡ್ತೀನಿ ಸರಿ" ಅಂತ ಕೂತೇ ಬಿಟ್ರು. ಮಡ್‌ಗಾರ್ಡಿಗೂ ಟಯರಿಗೂ ನಡುವ ನನ್ನ ಕಿರುಬೆರಳೂ ಹೋಗಲಿಲ್ಲ. ಅಪ್ಪಾ ಇಳದು ಒಂದೇ ಮಾತು ಅಂದ್ರು: "ಇದಕ್ಕ ನೀ ರೊಕ್ಕ ಕೊಟ್ಟು ತಂದಿ?"

ಹಂಗಾಗಿ 19 ಬ್ಯಾಡ ಅಂತ ಆಯ್ತು. ಬಿರುಕು ಬಿಟ್ಟ ರಿಮ್ ಬೆಸುಗಿ ಹಾಕಸಿ ಓಡಸೋ ಧೈರ್ಯ ನನಗಿಲ್ಲ. ಹಂಗಾದ್ರ 17ಕ್ಕ ಹೋದ್ರ ಯಾವ ಟಯರ್? ಬ್ರೇಕ್ ತಟ್ತದೇನು?

ಸೈಜ್_ಮಾಸ್ತರ · ಮಂಗಳವಾರ ರಾತ್ರಿ 10:35

ಬ್ರೇಕಿನ ವಿಷಯ ಪುಸ್ತಕ ನೋಡಿ ಹೇಳೋದಕ್ಕಿಂತ ಒಂದು 17ರ ರಿಮ್ ಬರೀ ಕೂಡಿಸಿ ಕೈಯಿಂದ ತಿರುಗಿಸಿ ನೋಡಿ. ಡಿಸ್ಕ್ ಅಷ್ಟೇ ಅಲ್ಲ, ಡಿಸ್ಕ್ ಹಿಡಿಯೋ ಕ್ಯಾಲಿಪರಿನ ಬೆನ್ನು ರಿಮ್ಮಿನ ಕಡ್ಡಿಗೆ ತಾಗಬಾರದು. ಬ್ಯಾಲೆನ್ಸಿಂಗ್‌ಗೆ ರಿಮ್ಮಿನ ಒಳಗೆ ಅಂಟಿಸೋ ತೂಕದ ತುಂಡಿಗೂ ಜಾಗ ಬೇಕು, ಅದನ್ನು ಮರೀತಾರೆ.

ರಿಮ್ 17×8, ಇಟಿ 40 ಸಿಕ್ಕರೆ ಹೊರ ಅಂಚು 61.6ಕ್ಕೆ ಬರುತ್ತೆ, ಮೂಲಕ್ಕಿಂತ ಮುಕ್ಕಾಲು ಮಿಲಿಮೀಟರ್ ಒಳಗೆ. ಅದಕ್ಕೆ 245/45 ಆರ್17 ಹಾಕಿದರೆ ಎತ್ತರ 652.3. ಅಗಲ ಅಷ್ಟೇ, ಎತ್ತರ ಅಷ್ಟೇ, ಗೋಡೆ ಮಾತ್ರ 98ರಿಂದ 110ಕ್ಕೆ. ನನ್ನ ಮತ ಅದಕ್ಕೇ.

ಪಂಚರ್_ಮಾಮಾ · ಬುಧವಾರ ಬೆಳಗ್ಗೆ 9:05

ಸರ್ರಿಗೆ ಕೈ ಮುಗದು ಒಂದು ತಕರಾರು. 245/45 ಆರ್17 ಲೆಕ್ಕಕ್ಕ ಭಾಳ ಚಂದ. ಆದ್ರ ನಾ ಅಂಗಡಿ ಇಟ್ಟವ, ಗಲ್ಲಾ ಕಡೆಯಿಂದ ನೋಡ್ತೀನಿ. ನೀವೇ ಹೇಳಿದ್ರಿ, ಕ್ವಾಟ್ರೊಕ್ಕ ನಾಲ್ಕೂ ಒಂದೇ ಮಾಲು ಬೇಕು ಅಂತ. ನಾಳೆ ಒಂದು ಗೋಡಿ ಹರದ್ರ ಅದೇ ಕಂಪನಿ ಅದೇ ಮಾಡಲ್ 245/45 ಎಲ್ಲಿಂದ ತರ್ಲಿ? 2020ರ ಜೂನಿನ್ಯಾಗ ಹೊರದೇಶದ ಟಯರ್ ತರ್ಸೋದಕ್ಕ ಲೈಸೆನ್ಸ್ ಬೇಕು ಅಂತ ಕೇಂದ್ರ ಮಾಡ್ದ ಮ್ಯಾಲ ಇಂಥ ಕಮ್ಮಿ ನಡಿಯೋ ಸೈಜಿಗೆ ವಾರಗಟ್ಟಲೆ ಕಾಯೋದಾಗ್ಯಾದ. ಇವಂಗ ಸ್ಟೆಪ್ನಿನೂ ಇಲ್ಲ.

225/50 ಆರ್17 ನೋಡ್ರಿ. ಆಡಿ ಎ4, ಬಿಎಂಡಬ್ಲ್ಯು 3 ಸೀರೀಸ್ ಗಾಡಿಗೆ ನಡಿಯೋ ಸೈಜ್. ಇವತ್ತು ಫೋನ್ ಮಾಡಿದ್ರ ನಾಳೆ ಮುಂಜಾನೆ ಹೈದ್ರಾಬಾದ್ ಬಸ್ಸಿನ್ಯಾಗ ಬರ್ತದ. ಎಂಟು ಇಂಚಿನ ರಿಮ್ಮಿಗೆ ಕೂಡ್ತದ, ಅದೇ ಅದರ ಮ್ಯಾಲಿನ ಮಿತಿ. ಭಾರದ ಸಂಖ್ಯಾ 94, ಕಂಪನಿಕ್ಕಿಂತ ಒಂದು ಜಾಸ್ತಿನೇ. ಬಿಎಂಡಬ್ಲ್ಯುಕ್ಕ ಬರೋ ರನ್‌ಫ್ಲ್ಯಾಟ್ (ಗಾಳಿ ಹೋದ್ರೂ ಜರಾ ದೂರ ಓಡೋ ಟಯರ್) ಮಾತ್ರ ಬ್ಯಾಡ, ಅದು ಕಲ್ಲಿನಂಗಿರ್ತದ. ಮಾಮೂಲಿದು ಕೇಳ್ಬೇಕು.

ಹೈದ್ರಾಬಾದ್_ಹವಾ · ಬುಧವಾರ ಬೆಳಗ್ಗೆ 9:40

20 ಮಿಲಿಮೀಟರ್ ಅಗಲ ಬಿಟ್ಟುಕೊಡೋದು ಸಣ್ಣ ಮಾತಲ್ಲ ಮಾಮಾ. 211 ಕುದುರಿ ಅವ ಅದರಾಗ. ಮಳ್ಯಾಗ ತಿರುವಿನ್ಯಾಗ ಗೊತ್ತಾಗ್ತದ.

ಸೈಜ್_ಮಾಸ್ತರ · ಬುಧವಾರ ಬೆಳಗ್ಗೆ 10:15

ಮಳೆಯಲ್ಲಿ ನಿಜವಾಗಿ ಕಿರಿದಾದ ಟಯರೇ ನೀರನ್ನು ಚೆನ್ನಾಗಿ ಸೀಳುತ್ತೆ, ಆ ವಾದ ತಲೆಕೆಳಗು. ಒಣ ರಸ್ತೆಯಲ್ಲಿ ಗಟ್ಟಿ ಬ್ರೇಕ್ ಒತ್ತಿದಾಗ, ಜೋರಾಗಿ ತಿರುಗಿಸಿದಾಗ 245 ಮೇಲು, ಅದನ್ನು ಒಪ್ಪಬೇಕು.

225/50 ಲೆಕ್ಕ ಹಾಕಿದೆ. ಗೋಡೆ 112.5, ಎತ್ತರ 656.8. ಮೂಲಕ್ಕಿಂತ ಶೇ 0.55 ಜಾಸ್ತಿ. ತೊಂದರೆ ಇಲ್ಲ. ಪಂಚರ್ ಮಾಮಾ ಹೇಳಿದ್ದು ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಒಂದು ಟಯರ್ ಹೋದರೆ ಜೋಡಿ ಸಿಗದೇ ನಾಲ್ಕೂ ಬದಲಿಸೋ ಗಾಡಿ ಇದು. ನಾಳೆ ಸಿಗೋ ಸೈಜೇ ಸರಿ ಸೈಜ್. ನನ್ನ ಮತ ಹಿಂದಕ್ಕೆ ತಗೊಂಡೆ. 94 ಆದ ಮೇಲೆ ಡಬ್ಲ್ಯು ಅಕ್ಷರ ಇರಲಿ, ಗಂಟೆಗೆ 270ರ ತನಕದ್ದು. ನೀವು ಹೋಗೋದಿಲ್ಲ ಅಂತ ಗೊತ್ತು, ಆದರೂ ಗಾಡಿಯ ಮಾನ ಅದು.

ಬೀದರ್_38 · ಬುಧವಾರ ಬೆಳಗ್ಗೆ 10:20

ಮಾಸ್ತರ್ ಮತ ಬದಲಿ ಮಾಡಿದ್ರು! ಸ್ಕ್ರೀನ್‌ಶಾಟ್ ತಗೊಂಡೆ.

ಸೇಡಂ_ರೋಡ್_32 · ಹನ್ನೊಂದು ದಿನದ ಮ್ಯಾಲ, ಭಾನುವಾರ ರಾತ್ರಿ 8:45

ಆಯ್ತ್ರಿ, ಮುಗೀತು. 17×8 ಇಟಿ 40, 225/50 ಆರ್17 94 ಡಬ್ಲ್ಯು, ನಾಲ್ಕೂ ಈ ವರ್ಷದ ಮಾಲು. ಅಲ್ಯೂಮಿನಿಯಂ ಬಳಿ, ಕೋನ್ ಬೋಲ್ಟ್, ಅಲೈನ್ಮೆಂಟ್ ಎಲ್ಲಾ ಮಾಡ್ಸೀನಿ. ಬ್ರೇಕಿಗೂ ರಿಮ್ಮಿಗೂ ನಡುವ ಒಂದು ಪೆನ್ಸಿಲ್ ಆರಾಮ ಹೋಗ್ತದ. ವಿಮಾ ಕಂಪನಿಗೆ ಮೇಲ್ ಹಾಕೀನಿ ಅಕ್ಕಾ.

ಇವತ್ತು ಹುಮನಾಬಾದ್ ತನಕ ಹೋಗಿ ಬಂದೆ. ಮೊದಲು ಕಮಲಾಪುರ ದಾಟೋ ಹೊತ್ತಿಗೆ ಕೈ ಜುಮ್ ಅಂತಿತ್ತು, ಈಗ 100ರ ಮ್ಯಾಲೂ ಸ್ಟೇರಿಂಗ್ ಮ್ಯಾಲ ಚಾ ಕಪ್ ಇಡಬಹುದು (ಇಟ್ಟಿಲ್ಲ). ಸ್ಪೀಡೋಮೀಟರ್ ಮೊಬೈಲ್ ಜಿಪಿಎಸ್ ಜೋಡಿ ನೋಡಿದೆ, ಮೊದಲ ಹ್ಯಾಂಗ ಜರಾ ಜಾಸ್ತಿ ತೋರಸ್ತಿತ್ತೊ ಹಂಗೇ ಅದ. ಹವಾ ಅಣ್ಣ ಅಂದದ್ದೂ ಖರೆ, ತಿರುವಿನ್ಯಾಗ ಸ್ಟೇರಿಂಗ್ ತಿರಗಿಸಿದ ಮ್ಯಾಲ ಗಾಡಿ ಒಂದು ಕ್ಷಣ ಯೋಚನಿ ಮಾಡಿ ಹೊರಳ್ತದ, ಮೊದಲಿನ ಚುರುಕು ಇಲ್ಲ. ಗಾಲಿ ಮ್ಯಾಲ ಮಡ್‌ಗಾರ್ಡಿನ ಸಂದಿ ಅಷ್ಟೇ ಇದ್ರೂ ರಿಮ್ ಸಣ್ಣದು ಕಾಣ್ತದ. ಬುದ್ಧ ವಿಹಾರದ ಮುಂದ ನಿಲ್ಲಿಸಿ ಫೋಟೊ ತಗದೆ, ಮೊದಲಿನ ಫೋಟೊನೇ ಚಂದಿದ್ದವು. ಸುಳ್ಳು ಯಾಕ ಹೇಳ್ಲಿ.

ಆದ್ರ ಅಪ್ಪಾ ವಾಪಸ್ ಬರೋವಾಗ ಪಕ್ಕದ ಸೀಟಿನ್ಯಾಗ ನಿದ್ದಿ ಹೊಡದ್ರು. ಈ ಗಾಡಿದಾಗ ಅದು ಮೊದಲ ಸಲ.

19ರ ರಿಮ್ ನಾಲ್ಕೂ ಮಾರೋದದ. ಗೀರು ಇಲ್ಲ. ಯಾರಿಗರ ಬೇಕೇನ್ರಿ?

ಬೀದರ್_38 · ಭಾನುವಾರ ರಾತ್ರಿ 8:58

ನನ್ನ ಪೋಲೊಕ್ಕ ಕೂಡ್ತಾವೇನು? ದೋಸ್ತಿ ರೇಟ್ ಹೇಳು.

ಸೇಡಂ_ರೋಡ್_32 · ಭಾನುವಾರ ರಾತ್ರಿ 9:01

ನಿಂದು 5×100, ಇದು 5×112. ಎರಡಕ್ಕೂ ಬೋಲ್ಟ್ ಐದೇ, ಆದ್ರ ಅವು ಕೂಡೋ ಸುತ್ತಿನ ಅಡ್ಡಳತಿ ನಿಂದು 100 ಮಿ.ಮೀ., ಇದರದ್ದು 112. ಕೂಡಂಗಿಲ್ಲ. ನೋಡಿದಿ, ನಾನೂ ಈಗ ಹಿಂದ ತಿರಗಿಸಿ ಓದೋದು ಕಲ್ತೀನಿ.

ಪಂಚರ್_ಮಾಮಾ · ಭಾನುವಾರ ರಾತ್ರಿ 9:30

ತಮ್ಮಾ, ಹುಮನಾಬಾದ್ ಹೋಗಿ ಬಂದಿ ಅಂದ್ರ ನೂರು ಕಿಲೋಮೀಟರ್ ದಾಟ್ಯಾದ. ನಾಳೆ ಮುಂಜಾನೆ ಗಾಡಿ ತಗೊಂಡು ಬಾ, ಬೋಲ್ಟ್ ಮತ್ತೊಮ್ಮೆ ಟಾರ್ಕ್ ಪಾನಾ (ಬಿಗಿ ಅಳಿಯೋ ಪಾನಾ) ಹಾಕಿ 120 ನ್ಯೂಟನ್ ಮೀಟರಿಗೆ ನೋಡ್ಬೇಕು. ಹತ್ತರ ಒಳಗ ಬಾ, ಆಮ್ಯಾಲ ಲಾರಿ ಗದ್ದಲ ಸುರು ಆಗ್ತದ.